ಸ್ಟ್ರೋಕ್ ಆದ ಮೇಲೆ ಮತ್ತೆ ಕೆಲಸಕ್ಕೆ: ಧೈರ್ಯಕ್ಕೂ ತಾಲೀಮು ಬೇಕು

ಏಳರ ಮಗ್ಗಿ ಹೇಳಿ ಅಂದರೆ ಏಳೊಂದ್ಲ ಏಳರಿಂದ ಎಪ್ಪತ್ತರವರೆಗೆ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದೆ. ನಡುವಿನಿಂದ ಎತ್ತಿ ‘ಏಳೆಂಟ್ಲ ಎಷ್ಟು?’ ಅಂದರೆ ಬಾಯಿ ಕಟ್ಟಿಹೋಗುತ್ತಿತ್ತು. ಉತ್ತರ ಗೊತ್ತಿದೆ, ಪದ ಬರುವುದಿಲ್ಲ. ಬರೆದು ತೋರಿಸೋಣವೆಂದರೆ ಬಲಗೈ ಏಳದು. 22 ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಮೆದುಳಿನ ಎಡಭಾಗದ ರಕ್ತನಾಳ ಕಟ್ಟಿಕೊಂಡು ಸ್ಟ್ರೋಕ್ ಆದಾಗ ನನಗೆ 46.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಬಂದವರಲ್ಲಿ ಅರ್ಧ ಜನ ‘ಇನ್ಯಾಕಮ್ಮ ಕೆಲ್ಸ, ವಿಆರ್‌ಎಸ್ ತಗೊಂಡು ಆರಾಮಾಗಿರು’ ಅಂದರು. ಉಳಿದರ್ಧ ‘ಧೈರ್ಯವಾಗಿರು, ಎಲ್ಲ ಸರಿಹೋಗುತ್ತೆ’ ಅಂದರು. ಎರಡೂ ಪ್ರೀತಿಯ ಮಾತೇ. ಆದರೆ ಎರಡರಿಂದಲೂ ನನಗೆ ಧೈರ್ಯ ಬರಲಿಲ್ಲ. ಅದು ಬಂದದ್ದು ಐದನೇ ತಿಂಗಳಲ್ಲಿ, ಪಕ್ಕದ ಮನೆಯ ಹುಡುಗಿಗೆ ನಮ್ಮ ಜಗಲಿಯಲ್ಲಿ ಕೂರಿಸಿಕೊಂಡು 10 ನಿಮಿಷ ಭಿನ್ನರಾಶಿ ಹೇಳಿಕೊಟ್ಟ ದಿನ. ಆ 10 ನಿಮಿಷದಲ್ಲಿ ಮೂರು ಸಲ ತಡವರಿಸಿದೆ. ಆದರೂ ಲೆಕ್ಕ ಅವಳಿಗೆ ಅರ್ಥವಾಯಿತು.

ಧೈರ್ಯ ಬಂದ ಮೇಲೆ ಕೆಲಸಕ್ಕೆ ಹೋಗೋಣ ಅಂತ ಕಾಯುತ್ತಿರುವವರಿಗಾಗಿ ಈ ಲೇಖನ. ಕೆಲಸದ ಒಂದು ಚೂರನ್ನು ಮಾಡಿ ನೋಡಿದ ಮೇಲೆಯೇ ಧೈರ್ಯ ಬರುವುದು. ಅದನ್ನು ಯಾವ ಕ್ರಮದಲ್ಲಿ ಮಾಡಿದರೆ ಒಳ್ಳೆಯದು ಎಂಬುದನ್ನು ನಾನು ಕಲಿತಷ್ಟು ಹೇಳುತ್ತೇನೆ.

ಮೊದಲ ಆರು ತಿಂಗಳು ‘ಬಿಡುವ’ ಕಾಗದಕ್ಕೆ ಸಹಿ ಬೇಡ

ಇದನ್ನೇ ಮೊದಲು ಹೇಳುತ್ತಿದ್ದೇನೆ. ಬೇರೆ ಯಾವುದು ತಪ್ಪಿದರೂ ತಿದ್ದಿಕೊಳ್ಳಬಹುದು, ಇದನ್ನು ತಿದ್ದುವುದು ಕಷ್ಟ. ರಾಜೀನಾಮೆ, ಸ್ವಯಂ ನಿವೃತ್ತಿ, ಅಂಗಡಿ ಬಿಟ್ಟುಕೊಡುವ ಕರಾರು ಯಾವುದನ್ನೂ ಈ ಅವಧಿಯಲ್ಲಿ ಮುಟ್ಟಬೇಡಿ. ಲಕ್ವ ಹೊಡೆದ ಮೊದಲ ಮೂರು ತಿಂಗಳು ಚೇತರಿಕೆ ಚುರುಕಾಗಿರುತ್ತದೆ. ಆಮೇಲೆ ನಿಧಾನವಾಗುತ್ತದೆ, ಆದರೆ ನಿಂತುಹೋಗುವುದಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರ ಕೊಡುವ ವೈದ್ಯರು ಕೂಡ ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆಯೇ ಶೇಕಡಾವಾರು ಅಳೆಯುತ್ತಾರೆ. ಎರಡನೇ ತಿಂಗಳಲ್ಲಿ ಚಮಚ ಹಿಡಿಯಲಾಗದ ಕೈಯನ್ನು ನೋಡಿಕೊಂಡು, ಇನ್ನೂ 14 ವರ್ಷ ಬಾಕಿಯಿದ್ದ ಸೇವೆಯನ್ನು ಮುಗಿಸಿಬಿಡಲು ನಾನು ಹೊರಟಿದ್ದೆ. ಅರ್ಜಿ ಬರೆಯುವುದಕ್ಕೂ ಕೈ ಬರುತ್ತಿರಲಿಲ್ಲ, ಅದೇ ನನ್ನನ್ನು ಉಳಿಸಿತು.

ಸರ್ಕಾರಿ ನೌಕರರಿಗೆ ಕಾನೂನಿನ ಆಸರೆ ಗಟ್ಟಿಯಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಸೆಕ್ಷನ್ 20(4)ರ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಮೊದಲಿನ ಹುದ್ದೆ ಆಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಉಳಿಸಿಕೊಳ್ಳಬೇಕು. ಗಳಿಕೆ ರಜೆ, ಪರಿವರ್ತಿತ ರಜೆ, ಅರ್ಧವೇತನ ರಜೆ ಎಷ್ಟೆಷ್ಟು ಉಳಿದಿದೆ ಎಂದು ಕಚೇರಿಯ ಗುಮಾಸ್ತರಿಂದ ಬರೆಸಿಕೊಳ್ಳಿ. ಎಷ್ಟು ದಿನ ಕೈಯಲ್ಲಿದೆ ಅಂತ ಗೊತ್ತಾದರೆ ಅರ್ಧ ಗಾಬರಿ ಇಳಿಯುತ್ತದೆ.

ಖಾಸಗಿ ಕಂಪನಿಯವರಿಗೆ ಈ 20ನೇ ಸೆಕ್ಷನ್ ರಕ್ಷಣೆ ಸಿಗದು. ಆದರೆ ಅದೇ ಕಾಯ್ದೆಯ ಸೆಕ್ಷನ್ 21ರಂತೆ ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. ಎಚ್‌ಆರ್ ವಿಭಾಗದಿಂದ ಅದರ ಪ್ರತಿ ಕೇಳಿ ಪಡೆಯಿರಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಇರುವವರು ಒಂದು ವಿಷಯ ತಪ್ಪದೆ ವಿಚಾರಿಸಬೇಕು. ಮಾಮೂಲಿ ಕಾಯಿಲೆ ಭತ್ಯೆ ಸಿಗುವುದು ಕೂಲಿಯ ಶೇ. 70ರಂತೆ, ವರ್ಷಕ್ಕೆ 91 ದಿನ. ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ದೇಹದ ಒಂದು ಪಕ್ಕದ ಪಾರ್ಶ್ವವಾಯು ಕೂಡ ಇದೆ. ವಂತಿಗೆಯ ಷರತ್ತು ಪೂರೈಸಿದವರಿಗೆ ಶೇ. 80ರಂತೆ ಎರಡು ವರ್ಷದವರೆಗೂ ಭತ್ಯೆ ಸಿಗಬಹುದು. 91 ದಿನಕ್ಕೆ ಎಲ್ಲ ಮುಗಿಯಿತು ಅಂತ ಸುಮ್ಮನಾಗಬೇಡಿ. ಗಾರೆ ಕೆಲಸದವರು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿದ್ದರೆ ದುರ್ಬಲತೆ ಪಿಂಚಣಿಯ ಬಗ್ಗೆ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಬೇಕು. ಸ್ವಂತ ಅಂಗಡಿ, ಟೈಲರಿಂಗ್, ಹೋಟೆಲ್ ಕೂಲಿಯವರಿಗೆ ಸಾಮಾನ್ಯವಾಗಿ ಇಂಥ ಆಸರೆ ಇರುವುದಿಲ್ಲ. ಅವರು ಬೇಗ ದುಡಿಮೆಗೆ ಮರಳಲೇಬೇಕಾಗುತ್ತದೆ. ಮುಂದಿನ ಮಾತುಗಳು ಎಲ್ಲರಿಗಿಂತ ಹೆಚ್ಚಾಗಿ ಅವರಿಗೆ ಬೇಕು.

ಕೆಲಸವನ್ನು ಬಿಡಿಸಿ ಬರೆಯಿರಿ

‘ಪಾಠ ಮಾಡೋದು’ ಅಂತ ನಾವು ಒಂದೇ ಮಾತಿನಲ್ಲಿ ಅಂದುಬಿಡುತ್ತೇವೆ. ನಾನು ಒಂದು ನೋಟ್‌ಬುಕ್ಕಿನಲ್ಲಿ (ಬರೆದದ್ದು ಮಗಳು, ಹೇಳಿದ್ದು ನಾನು) ಅದನ್ನು ಬಿಡಿಸಿದಾಗ 31 ಸಾಲು ಆಯಿತು. ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದು. ಚೀಲ ಹೆಗಲಲ್ಲಿ ನಿಲ್ಲಿಸಿಕೊಳ್ಳುವುದು. ಹಾಜರಿ ಪುಸ್ತಕದಲ್ಲಿ ಸಹಿ. ಮಕ್ಕಳ ಹೆಸರು ಕೂಗುವುದು. ಹಲಗೆಯ ಮೇಲೆ ಬರೆಯುವುದು. 40 ನಿಮಿಷ ನಿಲ್ಲುವುದು. ಗದ್ದಲದ ನಡುವೆ ಒಬ್ಬನ ಪ್ರಶ್ನೆ ಕೇಳಿಸಿಕೊಳ್ಳುವುದು. ಬಿಸಿಯೂಟದ ಲೆಕ್ಕ. ಪೋಷಕರ ಫೋನು. ಡಬ್ಬಿಯ ಮುಚ್ಚಳ ತೆಗೆಯುವುದು.

ಆಮೇಲೆ ಪ್ರತಿ ಸಾಲನ್ನೂ ಮೂರು ಅಂಕಣಗಳಲ್ಲಿ ಒಂದಕ್ಕೆ ಹಾಕಿ: ಆಗುತ್ತೆ, ನಿಧಾನವಾಗಿ ಆಗುತ್ತೆ, ಈಗ ಆಗಲ್ಲ. ನನ್ನ 31ರಲ್ಲಿ ‘ಈಗ ಆಗಲ್ಲ’ ಎಂಬುದಕ್ಕೆ ಹೋದದ್ದು 8 ಮಾತ್ರ. ಮನಸ್ಸು ಮಾತ್ರ ಅಷ್ಟು ದಿನ 31ಕ್ಕೆ 31ನ್ನೂ ಅದೇ ಅಂಕಣದಲ್ಲಿ ಇಟ್ಟುಕೊಂಡು ಕೊರಗುತ್ತಿತ್ತು. ಕಿರಾಣಿ ಅಂಗಡಿಯವರಾದರೆ ತೂಕ ಹಾಕುವುದು, ಪೊಟ್ಟಣ ಕಟ್ಟುವುದು, ಚಿಲ್ಲರೆ ಲೆಕ್ಕ, ಉದ್ರಿ ಬರೆಯುವುದು, ಮೇಲಿನ ಅಟ್ಟದಿಂದ ಡಬ್ಬ ಇಳಿಸುವುದು ಎಂದು ಹೀಗೇ ಬಿಡಿಸಿ. ಕೈ ಬಲ ಬೇಕಾದದ್ದು ಅದರಲ್ಲಿ ಎಷ್ಟು ಕಡಿಮೆ ಎಂದು ಕಾಣುತ್ತದೆ.

ಕಣ್ಣಿಗೆ ಕಾಣದ ತೊಂದರೆಗಳನ್ನು ಈ ಪಟ್ಟಿಯಲ್ಲಿ ನೀವೊಬ್ಬರೇ ಹಿಡಿಯಲಾರಿರಿ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ಎಡಗಡೆ ಇರುವುದು ಗಮನಕ್ಕೇ ಬರುವುದಿಲ್ಲ. ತಟ್ಟೆಯ ಎಡಭಾಗದ ಅನ್ನ ಹಾಗೇ ಉಳಿಯುತ್ತಿದೆಯೇ, ಬಾಗಿಲಿನ ಎಡ ಚೌಕಟ್ಟಿಗೆ ಭುಜ ತಗಲುತ್ತಿದೆಯೇ ಎಂದು ಮನೆಯವರು ನೋಡಬೇಕು. ದೃಷ್ಟಿಯ ಅರ್ಧಭಾಗವೇ ಹೋಗಿರುವುದೂ ಉಂಟು. ಕಾರಣವಿಲ್ಲದೆ ಅಳು ಉಕ್ಕುವುದು, ನಗಬಾರದ ಕಡೆ ನಗು ಬರುವುದು ಕೂಡ ಪೆಟ್ಟಾದ ಮೆದುಳಿನ ಲಕ್ಷಣವೇ. ಅದಕ್ಕೆ ಚಿಕಿತ್ಸೆ ಇದೆ, ನಾಚಿಕೊಂಡು ವೈದ್ಯರಿಂದ ಮುಚ್ಚಿಡಬೇಡಿ.

ಈ ಪಟ್ಟಿ ಹಿಡಿದುಕೊಂಡೇ ನರರೋಗ ವೈದ್ಯರ ಬಳಿ ಹೋಗಿ. ‘ಕೆಲಸಕ್ಕೆ ಹೋಗಬಹುದಾ ಡಾಕ್ಟ್ರೇ?’ ಅಂದರೆ ‘ನೋಡೋಣ’ ಅನ್ನುವ ಉತ್ತರವೇ ಸಿಗುವುದು. ಎಷ್ಟು ಹೊತ್ತು ನಿಲ್ಲಬಹುದು, ಮೆಟ್ಟಿಲು ಹತ್ತಬಹುದೇ, ಯಂತ್ರದ ಬಳಿ ನಿಲ್ಲಬಹುದೇ, ಗಾಡಿ ಓಡಿಸಬಹುದೇ, ರಾತ್ರಿ ಪಾಳಿ ಆಗುತ್ತದೆಯೇ ಎಂದು ಒಂದೊಂದಾಗಿ ಕೇಳಿ. ಫಿಟ್ಸ್ ಬಂದಿದ್ದರೆ ಅಥವಾ ದೃಷ್ಟಿ ಕಡಿಮೆಯಾಗಿದ್ದರೆ ಗಾಡಿ ಮತ್ತು ಯಂತ್ರದ ವಿಷಯದಲ್ಲಿ ಅವರ ಮಾತೇ ಕೊನೆ. ಅಲ್ಲಿ ಆತ್ಮವಿಶ್ವಾಸದ ಪ್ರಶ್ನೆ ಬರುವುದಿಲ್ಲ. ದೂರದ ಊರಿಗೆ ಹೋಗಲಾಗದವರು ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ನಿಮ್ಹಾನ್ಸ್ ಜೊತೆಗೂಡಿ ನಡೆಸುವ ಮೆದುಳು ಆರೋಗ್ಯ ಕ್ಲಿನಿಕ್ ಇದೆಯೇ ಎಂದು ವಿಚಾರಿಸಿ.

ಮನೆಯೇ ತಾಲೀಮಿನ ಜಾಗ

ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ವಿವರಿಸಿದ ಒಂದು ವಿಚಾರ ನನಗೆ ಇಲ್ಲಿ ತುಂಬ ನೆರವಾಯಿತು. ‘ನನ್ನ ಕೈಲಾಗುತ್ತೆ’ ಎಂಬ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ: ಸ್ವತಃ ಮಾಡಿ ಗೆದ್ದ ಅನುಭವ, ನಮ್ಮಂಥವರೇ ಮಾಡಿದ್ದನ್ನು ನೋಡುವುದು, ಬೇರೆಯವರ ಹುರಿದುಂಬಿಕೆ, ನಮ್ಮ ಮೈಮನಸ್ಸಿನ ಆಗಿನ ಸ್ಥಿತಿ. ಅವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮೊದಲನೆಯದು. ನಮ್ಮ ಮನೆಗಳಲ್ಲಿ ಧಾರಾಳವಾಗಿ ಸಿಗುವುದು ಮೂರನೆಯದು.

ಆದ್ದರಿಂದ ಪಟ್ಟಿಯ ಎರಡನೇ ಅಂಕಣದಿಂದ ಒಂದೊಂದನ್ನೇ ಎತ್ತಿಕೊಂಡು ಮನೆಯಲ್ಲಿ ನಿಜವಾದ ಹೊತ್ತಿಗೆ, ನಿಜವಾದ ಸಾಮಾನಿನೊಂದಿಗೆ ಮಾಡಿ. ಫಿಸಿಯೋಥೆರಪಿಸ್ಟ್ ಹೇಳಿದ ರಬ್ಬರ್ ಚೆಂಡು ಹಿಸುಕುವುದು ಇರಲಿ. ಆದರೆ ಶಿಕ್ಷಕಿಗೆ ಬೇಕಾದದ್ದು ಚಾಕ್‌ಪೀಸ್ ಹಿಡಿಯುವುದು. ಆಕ್ಯುಪೇಶನಲ್ ಥೆರಪಿಸ್ಟ್ ಸಿಕ್ಕರೆ ಬಿಡಬೇಡಿ. ದಿನನಿತ್ಯದ ಕೆಲಸವನ್ನೇ ಚಿಕಿತ್ಸೆಯಾಗಿ ಮಾಡಿಸುವುದು ಅವರ ವೃತ್ತಿ.

ನಾನು ಮೊದಲು ಎತ್ತಿಕೊಂಡದ್ದು ಸೀರೆ. ಒಂದೇ ಕೈಯಲ್ಲಿ ನೆರಿಗೆ ಹಿಡಿಯಲು 40 ನಿಮಿಷವಾಯಿತು, ಕೊನೆಗೆ ಅತ್ತೆ ಬಂದು ಪಿನ್ ಹಾಕಿದರು. ಎರಡು ವಾರ ಹಾಗೇ ಮಾಡಿ, ಆಮೇಲೆ ಚೂಡಿದಾರಕ್ಕೆ ಬದಲಾಯಿಸಿದೆ. ಸೋತೆ ಅಂತ ಅನಿಸಿತ್ತು. ಆದರೆ ಆ 40 ನಿಮಿಷದಲ್ಲಿ ವ್ಯಯವಾಗುತ್ತಿದ್ದ ಶಕ್ತಿ ಮೊದಲ ಪೀರಿಯಡ್ಡಿಗೆ ಬೇಕಿತ್ತು. ಯಾವುದನ್ನು ಹಟ ಹಿಡಿದು ಮತ್ತೆ ಕಲಿಯಬೇಕು, ಯಾವುದನ್ನು ಬದಲಾಯಿಸಿಕೊಳ್ಳಬೇಕು ಎಂದು ಹೀಗೆ ಮಾಡಿ ನೋಡಿಯೇ ತಿಳಿಯಬೇಕು. ಸೊಂಟದ ಬಳಿ ನಿಲ್ಲುವ ಅಡ್ಡಚೀಲ, ಲೇಸಿಲ್ಲದ ಚಪ್ಪಲಿ, ಒತ್ತಿದರೆ ತೆರೆಯುವ ಡಬ್ಬಿ, ಗಂಡಸರಾದರೆ ಗುಂಡಿಯ ಬದಲು ವೆಲ್ಕ್ರೊ ಹೊಲಿಸಿದ ಶರ್ಟು. ಇವನ್ನೆಲ್ಲ ಮೊದಲೇ ಹೊಂದಿಸಿಕೊಳ್ಳಿ.

ಬಸ್ಸನ್ನು ಭಾನುವಾರ ಅಭ್ಯಾಸ ಮಾಡಿ. ನಾನು ಮಗಳನ್ನು ಜೊತೆಗಿಟ್ಟುಕೊಂಡು ಖಾಲಿ ಬಸ್ಸಿನಲ್ಲಿ ಶಾಲೆಯ ಗೇಟಿನವರೆಗೆ ಹೋಗಿ ವಾಪಸ್ ಬಂದೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಮೂರನೇ ಭಾನುವಾರ ಒಬ್ಬಳೇ ಹೋದೆ, ಮಗಳು ಹಿಂದಿನ ಸೀಟಿನಲ್ಲಿ ಅಪರಿಚಿತಳಂತೆ ಕೂತಿದ್ದಳು. ಕಂಡಕ್ಟರಿಗೆ ‘ಸ್ವಲ್ಪ ನಿಲ್ಸಿ, ಇಳೀಬೇಕು’ ಅನ್ನುವ ಮಾತನ್ನು ಮನೆಯಲ್ಲಿ ಇಪ್ಪತ್ತು ಸಲ ಹೇಳಿಕೊಂಡಿದ್ದೆ.

ಸೋತ ಕೈಯನ್ನು ಕೆಲಸದಿಂದ ಪೂರ್ತಿ ಬಿಡಿಸಬೇಡಿ. ಒಳ್ಳೆಯ ಕೈ ಎಲ್ಲವನ್ನೂ ಮಾಡುತ್ತಾ ಹೋದರೆ ಮೆದುಳು ಇನ್ನೊಂದು ಕೈಯನ್ನು ಬಳಸುವುದನ್ನೇ ಮರೆಯುತ್ತದೆ. ಪುಸ್ತಕ ಒತ್ತಿಹಿಡಿಯುವುದು, ಚಪಾತಿ ಹಿಟ್ಟಿನ ಪಾತ್ರೆ ಅಲುಗದಂತೆ ತಡೆಯುವುದು, ಟವೆಲ್ಲಿನ ಒಂದು ತುದಿ ಹಿಡಿಯುವುದು ಅದರ ಪಾಲಿಗಿರಲಿ. ಭುಜ ಮಾತ್ರ ಜೋಪಾನ. ಆ ಕೈಯನ್ನು ಯಾರೂ ಹಿಡಿದೆಳೆದು ಎಬ್ಬಿಸಬಾರದು.

ಮನೆಯವರಿಗೂ ಇದು ಅಭ್ಯಾಸವೇ. ನಾನು ಲೋಟ ಎತ್ತಲು ಹೋದರೆ ಮೂರು ಕೈ ಮುಂದೆ ಬರುತ್ತಿದ್ದವು. ಕೊನೆಗೆ ನಮ್ಮ ಯಜಮಾನರು ಒಂದು ನಿಯಮ ಮಾಡಿದರು: ಅವಳು ಕೇಳಿದರೆ ಮಾತ್ರ ಸಹಾಯ, ಬೀಳುವ ಅಪಾಯ ಕಂಡರೆ ಕೇಳದೆಯೂ ಸಹಾಯ. ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತಿದೆ. ‘ಕೆಲಸಕ್ಕೆ ಹೋಗುವಷ್ಟು ಶಕ್ತಿ ಇಲ್ಲ’ ಅನ್ನುವ ಮನೆಯಲ್ಲೇ ಅಡುಗೆ, ಪಾತ್ರೆ, ಬಟ್ಟೆ ಯಾವಾಗಲೋ ಅವಳ ಪಾಲಿಗೆ ವಾಪಸ್ ಬಂದಿರುತ್ತದೆ. ಅದು ದುಡಿಮೆ ಎಂದು ಲೆಕ್ಕಕ್ಕೆ ಹಿಡಿಯಿರಿ. ಶಾಲೆಗೆ ಹೋಗುವ ತಿಂಗಳಲ್ಲಿ ಬೆಳಗಿನ ಅಡುಗೆ ಬೇರೆಯವರು ಮಾಡಲೇಬೇಕು ಎಂದು ನಾನು ಮೊದಲೇ ಹೇಳಿದೆ. ಹೇಳಲು ಕಷ್ಟವಾಯಿತು, ಹೇಳಿದ್ದು ಒಳ್ಳೆಯದಾಯಿತು.

ಸಹಿ

ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಬಲಗೈ ಹೋದವರ ಸಹಿ ಬದಲಾಗುತ್ತದೆ, ಸಂಬಳದ ಖಾತೆಯ ಚೆಕ್ ವಾಪಸ್ ಬರುತ್ತದೆ. ಕೌಂಟರಿನ ಮುಂದೆ ನಿಂತು ಸಹಿ ಹೊಂದುತ್ತಿಲ್ಲ ಅನ್ನಿಸಿಕೊಳ್ಳುವುದು ಮನಸ್ಸನ್ನು ಕುಗ್ಗಿಸುತ್ತದೆ. ಎಡಗೈಯಲ್ಲಿ ಎರಡೇ ಅಕ್ಷರದ ಚಿಕ್ಕ ಸಹಿ ಆರಿಸಿಕೊಳ್ಳಿ, ದಿನಕ್ಕೆ 20 ಸಲದಂತೆ ಒಂದು ತಿಂಗಳು ಬರೆಯಿರಿ, ಒಂದೇ ಥರ ಬರಲು ಶುರುವಾದ ಮೇಲೆ ಗುರುತಿನ ಚೀಟಿಯೊಂದಿಗೆ ಬ್ಯಾಂಕಿಗೆ ಹೋಗಿ ಹೊಸ ಮಾದರಿ ಸಹಿ ಕೊಡಿ. ಅಲ್ಲಿಯವರೆಗೆ ಹಣ ತೆಗೆಯಲೇಬೇಕಾದರೆ ಇಬ್ಬರು ಸಾಕ್ಷಿಗಳ ಮುಂದೆ ಹೆಬ್ಬೆಟ್ಟು ಒತ್ತುವ ವ್ಯವಸ್ಥೆ ಬ್ಯಾಂಕಿನಲ್ಲಿದೆ, ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆಗಿರುತ್ತಾರೆ. ಹಾಜರಿ ಪುಸ್ತಕದ ಸಹಿ ಬದಲಾಗಿದೆ ಎಂದು ಕಚೇರಿಗೂ ಒಂದು ಪತ್ರ ಕೊಟ್ಟಿರಿ.

ಮಾತು

ಪದ ಸಿಗದಿರುವುದಕ್ಕೆ ಅಫೇಸಿಯ ಅನ್ನುತ್ತಾರೆ. ಬುದ್ಧಿ ಹೋಯಿತು ಅಂತ ಜನ ತಿಳಿಯುತ್ತಾರೆ, ಕೆಲವೊಮ್ಮೆ ನಾವೂ ಹಾಗೇ ತಿಳಿಯುತ್ತೇವೆ. ಹೋಗಿರುವುದು ಪದಕ್ಕೆ ಹೋಗುವ ದಾರಿ. ಬಾಯಿಪಾಠವಾದ ಮಗ್ಗಿ, ದೇವರನಾಮ, ವಾರದ ಹೆಸರುಗಳು ಅನೇಕರಿಗೆ ಸಲೀಸಾಗಿ ಬರುತ್ತವೆ. ನನಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸ್ಪೀಚ್ ಥೆರಪಿ ಸಿಕ್ಕಿತು, ಅದೂ ಕನ್ನಡದಲ್ಲೇ. 1965ರಿಂದ ಇರುವ ಸಂಸ್ಥೆ ಅದು. ಏಳೆಂಟ್ಲ ಎಷ್ಟು ಅಂದಾಗ ಮನಸ್ಸಿನಲ್ಲಿ ಏಳೊಂದ್ಲದಿಂದ ಹತ್ತಿಕೊಂಡು ಬಂದು ಎಂಟರಲ್ಲಿ ಜೋರಾಗಿ ಹೇಳುವುದು ನನಗೆ ಒಗ್ಗಿತು. ತಡವಾಗುತ್ತದೆ, ಆದರೆ 56 ಬರುತ್ತದೆ.

ಕೆಲಸದ ಜಾಗಕ್ಕೆ ಒಂದು ವಾಕ್ಯ ತಯಾರಿಟ್ಟುಕೊಳ್ಳಿ. ನನ್ನದು ಇದು: ‘ನಂಗೆ ಸ್ಟ್ರೋಕ್ ಆಗಿತ್ತು. ಮಾತು ಸ್ವಲ್ಪ ತಡ. ಪೂರ್ತಿ ಹೇಳೋವರೆಗೂ ಕಾಯಿರಿ.’ ತರಗತಿಯಲ್ಲೂ ಮೊದಲ ದಿನ ಇದನ್ನೇ ಹೇಳಿದೆ. ಎಂಟನೇ ಕ್ಲಾಸಿನ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಕಾದರು. ಫೋನಿಗಿಂತ ಎದುರಾಎದುರು ಮಾತು ಸುಲಭ, ಆದ್ದರಿಂದ ಮೊದಲ ತಿಂಗಳುಗಳಲ್ಲಿ ಫೋನ್ ಕರೆಗೆ ವಾಟ್ಸ್ಯಾಪ್ ಬರಹದಲ್ಲಿ ಉತ್ತರ ಕೊಟ್ಟರೆ ತಪ್ಪಿಲ್ಲ.

ದಣಿವು

ನಡಿಗೆ ಸರಿಯಾದ ಮೇಲೂ ಉಳಿಯುವುದು ಈ ದಣಿವು. ನಿದ್ದೆ ಮಾಡಿದರೆ ಹೋಗುವ ಆಯಾಸದ ಹಾಗಲ್ಲ ಇದು. ಮಧ್ಯಾಹ್ನ ಎರಡಕ್ಕೆ ಯಾರೋ ಸ್ವಿಚ್ ಆರಿಸಿದಂತಾಗುತ್ತದೆ. ಎರಡು ವಾರ ಗಂಟೆಗಂಟೆಗೂ ದಣಿವಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ ಬರೆದಿಟ್ಟರೆ ನಿಮ್ಮ ಒಳ್ಳೆಯ ಹೊತ್ತು ಯಾವುದೆಂದು ಗೊತ್ತಾಗುತ್ತದೆ. ಕಷ್ಟದ ಕೆಲಸ ಆ ಹೊತ್ತಿಗೆ. ದಣಿದ ಮೇಲೆ ಕೂರುವುದಕ್ಕಿಂತ ದಣಿಯುವ ಮೊದಲೇ ಹತ್ತು ನಿಮಿಷ ಕೂರಿ. ರಕ್ತಹೀನತೆ, ಥೈರಾಯ್ಡ್, ನಿದ್ದೆಯ ತೊಂದರೆ, ಕೆಲವು ಮಾತ್ರೆಗಳಿಂದಲೂ ದಣಿವು ಹೆಚ್ಚಬಹುದು. ವೈದ್ಯರಿಗೆ ಹೇಳಿ ಪರೀಕ್ಷೆ ಮಾಡಿಸಿ.

ಮೇಲಧಿಕಾರಿಯ ಜೊತೆ ಮಾತು

ಕೆಲಸಕ್ಕೆ ಹಾಜರಾಗುವ ಮೂರು ವಾರ ಮೊದಲು ಹೋಗಿ ಭೇಟಿಯಾಗಿ. ‘ನನ್ನ ಕೈಲಿ ಏನಾಗುತ್ತೋ ನೋಡ್ಬೇಕು ಸಾರ್’ ಅಂತ ಶುರುಮಾಡಬೇಡಿ. ನೋಟ್‌ಬುಕ್ಕಿನ ಮೊದಲ ಅಂಕಣ ತೋರಿಸಿ, ಆಮೇಲೆ ಬೇಕಾದದ್ದನ್ನು ಎಣಿಸಿ ಹೇಳಿ. ನಾನು ಎಚ್‌ಎಂ ಬಳಿ ಕೇಳಿದ್ದು ನಾಲ್ಕು: ಗಣಿತದ ಪೀರಿಯಡ್ಡುಗಳು ಊಟಕ್ಕೆ ಮೊದಲೇ ಇರಲಿ, ಎರಡು ಪಾಠದ ನಡುವೆ ಒಂದು ಬಿಡುವಿರಲಿ, ನನ್ನ ತರಗತಿಗಳು ನೆಲಮಹಡಿಯಲ್ಲಿರಲಿ, ಹಲಗೆಯ ಮುಂದೆ ಒಂದು ಎತ್ತರದ ಸ್ಟೂಲ್ ಇರಲಿ. ಖರ್ಚಾದದ್ದು ಸ್ಟೂಲಿಗೆ ಮಾತ್ರ. ಇದಕ್ಕೆ ಕಾನೂನಿನ ಭಾಷೆಯಲ್ಲಿ ಸೂಕ್ತ ಹೊಂದಾಣಿಕೆ ಎನ್ನುತ್ತಾರೆ, ಸರ್ಕಾರಿ ಸಂಸ್ಥೆಗಳು ಅದನ್ನು ಒದಗಿಸಬೇಕೆಂದು ಅದೇ 2016ರ ಕಾಯ್ದೆ ಹೇಳುತ್ತದೆ. ಒಪ್ಪಿದ್ದನ್ನು ಪತ್ರದಲ್ಲಿ ಬರೆದು ಸ್ವೀಕೃತಿ ಪಡೆಯಿರಿ. ಎಚ್‌ಎಂ ವರ್ಗವಾದರೆ ಬಾಯಿಮಾತೂ ಅವರ ಜೊತೆಗೇ ಹೋಗುತ್ತದೆ. ಚುನಾವಣಾ ಕರ್ತವ್ಯದ ಪಟ್ಟಿಯಲ್ಲಿ ಹೆಸರು ಬಂದರೆ ವೈದ್ಯಕೀಯ ದಾಖಲೆಯೊಂದಿಗೆ ಕೂಡಲೇ ವಿನಾಯಿತಿ ಕೇಳಬೇಕು, ಹಿಂದಿನ ದಿನದವರೆಗೆ ಬಿಡಬಾರದು.

ಆರು ತಿಂಗಳ ನಂತರವೂ ತೊಂದರೆ ಶೇ. 40 ಅಥವಾ ಹೆಚ್ಚು ಉಳಿದಿದ್ದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿಕೊಳ್ಳಿ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ. ಕೈಕಾಲಿನ ತೊಂದರೆ ಮಾತ್ರವಲ್ಲ, ಅಫೇಸಿಯದಿಂದ ಉಳಿದ ಮಾತಿನ ತೊಂದರೆಯೂ ಕಾಯ್ದೆಯ 21 ಬಗೆಗಳಲ್ಲಿ ಸೇರಿದೆ. ‘ಅಂಗವಿಕಲೆ’ ಅನ್ನಿಸಿಕೊಳ್ಳಲು ನಾನು ಎಂಟು ತಿಂಗಳು ಹಿಂಜರಿದೆ. ಕಾರ್ಡ್ ಮಾಡಿಸಿದ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಪ್ರತಿ ಸಲ ಕಥೆ ಹೇಳುವುದು ತಪ್ಪಿತು.

ಮೊದಲ ವಾರ

ಸೋಮವಾರ ಶುರುಮಾಡಬೇಡಿ. ನಾನು ಗುರುವಾರ ಹಾಜರಾದೆ. ಗುರುವಾರ, ಶುಕ್ರವಾರ, ಶನಿವಾರ ಅರ್ಧ ದಿನ, ಭಾನುವಾರ ಪೂರ್ತಿ ಮಲಗಿದೆ. ಎರಡನೇ ವಾರದ ಬುಧವಾರಕ್ಕೆ ಅರ್ಧ ದಿನದ ಸಾಂದರ್ಭಿಕ ರಜೆಯನ್ನು ಮೊದಲೇ ಬರೆದುಕೊಟ್ಟಿದ್ದೆ. ಅಂಗಡಿಯವರು ಮೊದಲ ಹದಿನೈದು ದಿನ ವ್ಯಾಪಾರ ಕಡಿಮೆ ಇರುವ ಹೊತ್ತಿಗೆ ಎರಡು ಗಂಟೆ ಮಾತ್ರ ಗಲ್ಲಾದಲ್ಲಿ ಕೂರಲಿ. ಮಾತ್ರೆಗೆ ಫೋನಿನಲ್ಲಿ ಅಲಾರಂ ಇಡಿ. ಕೆಲಸದ ಗಡಿಬಿಡಿಯಲ್ಲಿ ಮೊದಲು ಮರೆಯುವುದು ಬಿಪಿ ಮಾತ್ರೆ, ‘ಈಗ ಚೆನ್ನಾಗಿದೀನಲ್ಲ’ ಅಂತ ಬಿಡುವುದೂ ಅದನ್ನೇ. ಎರಡನೇ ಸ್ಟ್ರೋಕಿಗೆ ಅದೇ ಬಾಗಿಲು.

ಕೆಟ್ಟ ದಿನವೊಂದು ಖಂಡಿತ ಬರುತ್ತದೆ. ನನ್ನ ಮೂರನೇ ವಾರದಲ್ಲಿ ಒಬ್ಬ ಹುಡುಗನ ಹೆಸರು ಬಾಯಿಗೆ ಬರದೆ, ಅಳು ಉಕ್ಕಿ, ತರಗತಿಯಿಂದ ಹೊರಗೆ ಬಂದೆ. ಆ ಸಂಜೆ ಯಜಮಾನರು ಏನೂ ಸಮಾಧಾನ ಹೇಳದೆ ನೋಟ್‌ಬುಕ್ಕನ್ನು ಮುಂದಿಟ್ಟರು. ಮೂರು ವಾರದಲ್ಲಿ 26 ಪೀರಿಯಡ್ ಮಾಡಿದ್ದೆ, ಹೊರಗೆ ಬಂದದ್ದು ಒಂದು. ಅದಕ್ಕೇ ಹೇಳುವುದು, ದಿನಾ ಸಂಜೆ ಎರಡು ಸಾಲು ಬರೆದಿಡಿ.

ಆದರೆ ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಮನಸ್ಸಿಲ್ಲ, ಊಟ ನಿದ್ದೆ ಕೆಟ್ಟಿದೆ, ಬದುಕು ಬೇಡ ಅನಿಸುತ್ತಿದೆ ಅಂದರೆ ಅದು ಖಿನ್ನತೆ ಇರಬಹುದು. ಸ್ಟ್ರೋಕ್ ಆದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಔಷಧದಿಂದ, ಆಪ್ತಸಮಾಲೋಚನೆಯಿಂದ ಗುಣವಾಗುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಇನ್ನು ಮುಖ ಸೊಟ್ಟಗಾಗುವುದು, ಕೈಕಾಲು ತಟ್ಟನೆ ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಹೊಸದಾಗಿ ಕಂಡರೆ ದಣಿವಿರಬೇಕು ಅಂತ ಮಲಗಬೇಡಿ. ತಕ್ಷಣ 108. ಕಟ್ಟಿದ ರಕ್ತನಾಳ ಬಿಡಿಸುವ ಇಂಜೆಕ್ಷನ್‌ಗೆ ಇರುವುದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಈ ಲಕ್ಷಣಗಳನ್ನು ಸ್ಟಾಫ್ ರೂಮಿನಲ್ಲಿ ಪಕ್ಕ ಕೂರುವ ಒಬ್ಬರಿಗಾದರೂ ಹೇಳಿಕೊಟ್ಟಿರಿ, ಅವರ ಫೋನಿನಲ್ಲಿ ಮನೆಯವರ ನಂಬರ್ ಇರಲಿ.

ಮೂರು ತಿಂಗಳಿಗೊಮ್ಮೆ ಆ ಹಳೆಯ ಪಟ್ಟಿ ತೆಗೆದು ಯಾವ ಸಾಲು ಯಾವ ಅಂಕಣಕ್ಕೆ ಸರಿಯಿತು ಎಂದು ನೋಡಿ. ನಾನು ವಾಪಸ್ ಶಾಲೆಗೆ ಹೋಗಿ ಎರಡು ವರ್ಷವಾಯಿತು. ಬಸ್ಸಿನ ಮೆಟ್ಟಿಲು, ಸಹಿ, ಡಬ್ಬಿ, ಮಕ್ಕಳ ಹೆಸರು ಎಲ್ಲ ಮೊದಲ ಅಂಕಣಕ್ಕೆ ಬಂದಿವೆ. ಹಲಗೆಯ ಮೇಲೆ ಬಲಗೈಯಲ್ಲಿ ಬರೆಯುವುದು ಇನ್ನೂ ಎರಡನೆಯದರಲ್ಲೇ ಇದೆ. ಅಲ್ಲಿಯವರೆಗೆ ದಿನಕ್ಕೊಬ್ಬರಂತೆ ಮಕ್ಕಳೇ ಹಲಗೆಗೆ ಬಂದು ಲೆಕ್ಕ ಬರೆಯುತ್ತಾರೆ, ನಾನು ಸ್ಟೂಲಿನ ಮೇಲೆ ಕೂತು ಮುಂದಿನ ಹೆಜ್ಜೆ ಏನು ಎಂದು ಕೇಳುತ್ತೇನೆ.